ಕೆರೆಗೆ ಇಳಿಯುವ ದಾರಿ

ನಿಲಾನ್ ಕಲ್ಲಂಗಡಿಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದಳು. ಸದ್ದು ಇನ್ನೂ ಎಳೆಯದೆನಿಸಿದರೆ ಬುಡಕ್ಕೆ ಒಣಹುಲ್ಲು ಸರಿಸಿ ಮುಂದಕ್ಕೆ ಹೋಗುವಳು. ಮಳೆಗಾಲ ಮುಗಿದು ಸಜ್ಜೆ ಕಣಜ ಸೇರಿತ್ತು. ಕೆರೆಯಂಚಿನ ತೇವದ ಮಣ್ಣಿನಲ್ಲಿ ಬಳ್ಳಿ ಹಬ್ಬಿದ್ದ ಪರಿ ಕಂಡು ಅವಳಿಗೇ ಅಚ್ಚರಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇಷ್ಟು ಬೆಳೆದದ್ದು ಇದೇ ಮೊದಲು.

ಪಕ್ಕದ ತೋಟ ಅವಳ ಅಣ್ಣನ ಮಗ ಲಾತಿರನದು. ಎರಡು ತೋಟಗಳ ನಡುವೆ ದನಗಳು ನೀರಿಗಿಳಿಯುವ ದಾರಿಯೊಂದು ಹಿಂದಿನಿಂದಲೂ ಇತ್ತು. ಹೋದ ವರ್ಷ ಯಾರದೋ ಹಿಂಡು ರಾತ್ರೋರಾತ್ರಿ ನುಗ್ಗಿ ಅವಳ ಅಲಸಂದೆಯನ್ನೆಲ್ಲ ಮೇಯ್ದುಬಿಟ್ಟಿತ್ತು. ಆ ಸಿಟ್ಟಿಗೆ ಈ ಸಲ ಅವಳು ದಾರಿಯನ್ನೂ ಅಗೆದು ಬೀಜ ಹಾಕಿದ್ದಳು. ಲಾತಿರ್ ಜಾಲಿಮುಳ್ಳು ಕಡಿದು ತಂದು ಬೇಲಿ ಕಟ್ಟಿಕೊಟ್ಟಿದ್ದ. ಕೆರೆಯ ಸುತ್ತ ಉಳಿದವರದೆಲ್ಲ ಮೊದಲೇ ಬೇಲಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಬಡಗಣ ದಿಕ್ಕಿನಲ್ಲಿ ಧೂಳೆದ್ದಿತು. ಹಿಂಡಿನ ಮುಂದೆ ಬರುತ್ತಿದ್ದವನು ಯೇರೋ, ವರ್ಷ ವರ್ಷವೂ ಇದೇ ದಾರಿಯಲ್ಲಿ ಬರುವ ಫುಲಾನಿ ದನಗಾಹಿ.

ಸೆನೆಗಾಲಿನ ಈ ಸೀಮೆಯಲ್ಲಿ ನಿಲಾನಳಂಥ ಸೆರೆರ್ ರೈತರಿಗೂ ಫುಲಾನಿಗಳಿಗೂ ಇರುವುದು ಬೈದಾಡುವ ನೆಂಟಸ್ತಿಕೆ. ಎದುರು ಸಿಕ್ಕಾಗ ಒಬ್ಬರನ್ನೊಬ್ಬರು ‘ನನ್ನ ಆಳು’ ಎನ್ನಬೇಕು, ಕಳ್ಳ ಎನ್ನಬೇಕು, ಹೊಟ್ಟೆಬಾಕ ಎನ್ನಬೇಕು. ಯಾರೂ ಮುನಿಯುವಂತಿಲ್ಲ. ನಿಲಾನಳ ಗಂಡ ಸತ್ತ ದಿನವೂ ಯೇರೋ ಹೆಣದ ಮುಂದೆ ನಿಂತು, “ನನ್ನನ್ನ ಕೇಳದೆ ಎಲ್ಲಿಗೆ ಹೊರಟೆಯೋ ಆಳೇ?” ಎಂದು ಗದರಿ ಅಳುವವರನ್ನು ನಗಿಸಿದ್ದ.

“ಬಂದ್ಯಾ, ಹಾಲಿಗೆ ನೀರು ಬೆರೆಸೋ ಕಳ್ಳ!” ನಿಲಾನ್ ಬೇಲಿಯೊಳಗಿನಿಂದಲೇ ಕೂಗಿದಳು. “ನಿನ್ನ ಮೂಳೆ ದನಗಳು ಇನ್ನೂ ಬದುಕಿದಾವಾ?”

ಯೇರೋ ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದ. “ಚೆನ್ನಾಗಿದ್ದೀರಾ ಅಮ್ಮಾ? ಮನೇಲೆಲ್ಲ ಕ್ಷೇಮವಾ?”

ನಿಲಾನಳ ನಗು ಅಲ್ಲೇ ನಿಂತಿತು. ಆ ಬಾಯಿಂದ ಅವಳು ‘ನೀವು’ ಎಂಬ ಮಾತು ಎಂದೂ ಕೇಳಿರಲಿಲ್ಲ.

“ಇದೇನೋ ಹೊಸ ಮರ್ಯಾದೆ?”

“ಬೇಲಿ ಹೊಸದಲ್ವಾ. ದಾರಿ ಮುಚ್ಚಿದೆ ಅಂತ ಗೊತ್ತಿರಲಿಲ್ಲ, ಕ್ಷಮಿಸಿ.”

ಲಾತಿರ್ ಅಷ್ಟರಲ್ಲಿ ಓಡಿ ಬಂದಿದ್ದ. “ಹೋದ ವರ್ಷ ನಮ್ಮತ್ತೆಯ ಅಲಸಂದೆ ಮೇಯಿಸುವಾಗ ಗೊತ್ತಿತ್ತಾ? ನಾವು ತಿಂಗಳುಗಟ್ಟಲೆ ಸೊಂಟ ಬಗ್ಗಿಸೋದು, ನಿಮ್ಮ ದನ ಒಂದೇ ರಾತ್ರೀಲಿ ನುಂಗಿ ಹೋಗೋದು!”

“ಅವು ನನ್ನ ದನ ಅಲ್ಲಪ್ಪ. ಆದರೂ ನಷ್ಟ ಆದವರಿಗೆ ಎಲ್ಲಾ ದನವೂ ಒಂದೇ ಥರ ಕಾಣುತ್ತೆ. ನಿನ್ನ ಸಿಟ್ಟು ತಪ್ಪಲ್ಲ,” ಎಂದ ಯೇರೋ. “ಆದರೆ ದಾರೀಲಿ ಸಿಕ್ಕ ಕೆರೆಗೆಲ್ಲ ಮುಳ್ಳು. ದನಕ್ಕೆ ನೀರು ಕೊಡೋ ಕೊಳವೆಬಾವಿಯೂ ಕೆಟ್ಟು ನಿಂತಿದೆ. ಈ ಮೂಕಪ್ರಾಣಿಗಳಿಗೆ ಏನಂತ ಹೇಳ್ಲಿ?”

ಉತ್ತರಕ್ಕೆ ಕಾಯದೆ ಅವನು ಹಿಂಡನ್ನು ತಿರುಗಿಸತೊಡಗಿದ. ನೀರಿನ ವಾಸನೆ ಹಿಡಿದ ಹಸುಗಳು ಜಗ್ಗಲಿಲ್ಲ. ಗಬ್ಬದ ಹಸುವೊಂದು ಮುಳ್ಳಿನ ಮೇಲೆಯೇ ಕತ್ತು ಚಾಚಿತು. ಯೇರೋ ಅದರ ಕೊಂಬು ಹಿಡಿದು ಮೆಲ್ಲಗೆ ಎಳೆದ.

ಅವನು ಜಗಳಕ್ಕೆ ನಿಂತಿದ್ದರೆ ನಿಲಾನ್ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಆದರೆ ಅವನು ಮರ್ಯಾದೆ ಕೊಟ್ಟು ಹೊರಟಿದ್ದ. ಬೇಲಿ ಹಾಕಿದ್ದು ದನಗಳಿಗೆ ಮಾತ್ರ ಎಂದುಕೊಂಡಿದ್ದಳು.

ಅವಳು ಕವೆಗೋಲು ಎತ್ತಿಕೊಂಡು ಬೇಲಿಯ ಮುಳ್ಳಿನ ಕೊಂಬೆಗೆ ಹಾಕಿ ಪಕ್ಕಕ್ಕೆ ಎಳೆದಳು.

“ಅತ್ತೇ, ಎರಡು ಸಾಲು ಬಳ್ಳಿ ಹೋಗುತ್ತೆ!”

“ನನ್ನ ಸಾಲು ತಾನೇ? ಹಣ್ಣಾದದ್ದನ್ನ ಬೇಗ ಎತ್ತಿಡು.” ಆಮೇಲೆ ಗಂಟಲು ಹರಿಯುವಂತೆ ಕೂಗಿದಳು: “ಲೋ ಯೇರೋ! ಯಜಮಾನಿ ಇಲ್ಲಿ ನಿಂತಿರುವಾಗ ಆಳು ಬೆನ್ನು ತೋರಿಸ್ಕೊಂಡು ಹೋಗ್ತಾನಾ?”

ಯೇರೋ ನಿಂತ. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಹಳೆಯದೇ. “ಯಾರೇ ಆಳು? ಸಜ್ಜೆ ಕೂಳು ಕಂಡ್ರೆ ಹೆತ್ತ ತಾಯಿನೇ ಮರೆಯೋ ವಂಶ ನಿಂದು! ಮುಳ್ಳು ಹಿಡಿಯೋಕೂ ಬರಲ್ಲ, ಇತ್ತ ಕೊಡು ಅದನ್ನ.”

ಹಿಂಡು ಇಳಿಯಿತು. ಯೇರೋ ಬಳ್ಳಿಗಳಿಗೆ ಅಡ್ಡ ನಿಂತು, ಕೈಚಾಚಿ, ಅತ್ತ ಹೊರಳಿದ ಮೂತಿಗಳನ್ನೆಲ್ಲ ದಾರಿಗೆ ತಿರುಗಿಸುತ್ತಿದ್ದ. ಆದರೂ ಒಂದು ಕೆಂಪು ಕರು ಅವನ ತೋಳಿನಡಿ ನುಸುಳಿ ಕಲ್ಲಂಗಡಿಯೊಂದಕ್ಕೆ ಬಾಯಿ ಹಾಕಿತು. ಲಾತಿರ್ ಕೋಲೆತ್ತಿದ.

“ಹೊಡಿಯಪ್ಪಾ, ಹೊಡಿ,” ಎಂದ ಯೇರೋ. “ನಿಮ್ಮ ಊಟದ ರುಚಿ ಹತ್ತಿದ್ರೆ ನನ್ನ ಕರು ಕೆಟ್ಟೇಹೋಗುತ್ತೆ.”

ಕರು ದವಡೆಯಿಂದ ರಸ ಸುರಿಸುತ್ತ ಲಾತಿರನನ್ನೇ ನೋಡಿತು. ಅವನಿಗೆ ನಗು ತಡೆಯಲಾಗಲಿಲ್ಲ.

ನೀರು ಕುಡಿಸಿದ ಮೇಲೆ ಯೇರೋ ಗಂಭೀರನಾದ. “ಇನ್ಮೇಲೆ ಹಗಲಲ್ಲೇ ಬರ್ತೀನಿ. ಹಿಂದೆ ಬರೋ ಹಿಂಡಿನವರಿಗೂ ಹೇಳ್ತೀನಿ. ರಾತ್ರಿ ಯಾರಾದ್ರೂ ನುಗ್ಗಿದ್ರೆ ನನ್ನನ್ನ ಹಿಡ್ಕೊಂಡು ಕೇಳು.” ಆ ರಾತ್ರಿ ಹಿಂಡನ್ನು ನಿಲಾನಳ ಕೊಯ್ಲಾದ ಸಜ್ಜೆ ಹೊಲದಲ್ಲೇ ನಿಲ್ಲಿಸಿದ. ಮುಂದಿನ ಬೆಳೆಗೆ ಅಷ್ಟು ಗೊಬ್ಬರವಾಯಿತು.

ಮರುದಿನ ಬೆಳಿಗ್ಗೆ ನಿಲಾನ್ ಕೆರೆಗೆ ಬಂದಾಗ ಲಾತಿರ್ ತನ್ನ ತೋಟದ ಅಂಚಿನ ಬಳ್ಳಿಗಳನ್ನು ಕೀಳುತ್ತಿದ್ದ. ಅವನ ಬೇಲಿಯ ಅರ್ಧದಷ್ಟು ಆಗಲೇ ಒಳಕ್ಕೆ ಸರಿದಿತ್ತು.

“ಏನೋ ಇದು?”

“ದಾರಿ ಸಾಲದು ಅತ್ತೆ, ಕೊಂಬು ಎರಡೂ ಕಡೆ ತಾಗುತ್ತೆ,” ಎಂದ ಅವನು, ತಲೆಯೆತ್ತದೆ ಮುಳ್ಳಿನ ಕೊಂಬೆಯೊಂದನ್ನು ಒಳಕ್ಕೆ ಎಳೆಯುತ್ತ. “ಇನ್ನೊಂದು ಸಾಲು ಹೋಗಬೇಕು, ಅದು ನನ್ನ ಕಡೆಯಿಂದ ಹೋದ್ರೆ ನಿಮ್ಮದು ಉಳಿಯುತ್ತೆ.”

ನಿಲಾನ್ ಬಗ್ಗಿದಳು. ಅವನು ಎಳೆಯುತ್ತಿದ್ದ ಮುಳ್ಳಿನ ಕೊಂಬೆಯ ಇನ್ನೊಂದು ತುದಿ ಹಿಡಿದಳು.