ಎಷ್ಟು ವರ್ಷದಿಂದ ಪರಿಚಯ

ಮೇ ತಿಂಗಳ ಕೊನೆಯ ಶುಕ್ರವಾರ. ಮಳೆಗೆ ಹೆಚ್ಚೆಂದರೆ ಹತ್ತು ದಿನ ಉಳಿದಿತ್ತು. ಮುಂಬಯಿ ಪಕ್ಕದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ವಸತಿ ಭಾಗದ ಹಳೆಯ ಕಟ್ಟಡವೊಂದರ ಟೆರೇಸಿನಲ್ಲಿ ಹರಿಣಾಕ್ಷಿ ಬೆಳಿಗ್ಗೆ ಆರು ಗಂಟೆಗೇ ಚಾಪೆ ಹಾಸಿ, ಹಿಂದಿನ ದಿನ ಒತ್ತಿದ ಹಲಸಿನ ಹಪ್ಪಳಗಳನ್ನು ಒಂದೊಂದಾಗಿ ಹರಡುತ್ತಿದ್ದಳು. ಪಕ್ಕದಲ್ಲಿ ಅವಳ ಅಣ್ಣ ಮುಂಡಪ್ಪ ಕಾಲು ಚಾಚಿ ಕೂತು ಹೊಸ ಹಪ್ಪಳ ಒತ್ತುತ್ತಿದ್ದ. ಬೇಯಿಸಿ ರುಬ್ಬಿದ ಸೊಳೆಯ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಡುವುದು, ಮೇಲೆ ಮಣೆ ಇಟ್ಟು ಮೈಭಾರ ಬಿಡುವುದು, ಮಣೆ ತೆಗೆದು ಅಂಚು ನೋಡುವುದು. ಅವಸರವಿರಲಿಲ್ಲ. ಎಂಐಡಿಸಿಗೆ ಶುಕ್ರವಾರ ರಜೆ; ಅವನು ನಡೆಸುತ್ತಿದ್ದ ಕಾರ್ಖಾನೆ ಕ್ಯಾಂಟೀನಿನ ಒಲೆಗೂ ರಜೆ.

ಕಾಗೆ ಓಡಿಸುವುದು ಹರಿಣಾಕ್ಷಿಯ ಮಗಳು ಮಾನಸಿಯ ಕೆಲಸ. ದಿನಕ್ಕೆ ಎರಡು ರೂಪಾಯಿ ಸಂಬಳ ಅಂತ ಮಾವನೇ ಗೊತ್ತುಮಾಡಿದ್ದ. ಅವಳು ನೀರಿನ ಟ್ಯಾಂಕಿನ ನೆರಳಲ್ಲಿ ಕೋಲು ಹಿಡಿದು ಕೂತು, ಕಾಗೆಯನ್ನು ನೋಡುವುದು ಬಿಟ್ಟು ಮಾವನನ್ನೇ ನೋಡುತ್ತಿದ್ದಳು.

"ಮಾಮಾ, ಆಜ್ ಪಕ್ಕಾ ನಾ? ಇವತ್ತೇ ತಾನೇ ಆನೆಯ ಬ್ಯಾಂಕ್?"

"ಆನೆಯದ್ದೇ ಮಾರಾಯ್ತಿ. ಹದಿನೈದು ಸಲ ಕೇಳಿದಿ."

ಮಾನಸಿ ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾಗಿದ್ದಳು. ಜೂನಿನಲ್ಲಿ ಶಾಲೆ ತೆರೆಯುವಾಗ ಮಗುವಿನ ಹೆಸರಿನದೇ ಪಾಸ್‌ಬುಕ್ ತರಬೇಕೆಂದು ಶಾಲೆಯವರು ಚೀಟಿ ಕೊಟ್ಟಿದ್ದರು. ಒಂದು ವಾರದಿಂದ ಮನೆಯಲ್ಲಿ ಅದೇ ಮಾತು. ಮುಂಡಪ್ಪನ ಲೆಕ್ಕದಲ್ಲಿ ಬ್ಯಾಂಕ್ ಎಂದರೆ ಒಂದೇ: ಕನ್ನಡ ಕರಾವಳಿಯ ಅವನ ಜಿಲ್ಲೆಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಒಂದು ಶಾಖೆ ತೆರೆದಿದ್ದ ಊರಿನ ಬ್ಯಾಂಕ್. ಆದರೆ ಸ್ಟೇಷನ್ ಹತ್ತಿರದ ಹೊಸ ಬ್ಯಾಂಕಿನಲ್ಲಿ ಮಕ್ಕಳ ಖಾತೆ ತೆರೆದರೆ ಪ್ಲಾಸ್ಟಿಕ್ ಆನೆಯ ಹುಂಡಿ ಕೊಡುತ್ತಿದ್ದರು. ಆನೆ ಗಾಜಿನ ಆಚೆ ಕೂತದ್ದನ್ನು ಮಾನಸಿ ನೋಡಿಬಿಟ್ಟಿದ್ದಳು.

"ಮಗುವಿನ ಖಾತೆ. ಮಗು ಹೇಳಿದ ಕಡೆ," ಎಂದು ಮುಂಡಪ್ಪ ಸೋತಿದ್ದ. ಸೋತದ್ದಕ್ಕೆ ಬೇಸರವೇನೂ ಕಾಣಲಿಲ್ಲ. ಯಾವ ಬ್ಯಾಂಕಾದರೂ ಪಾಲಕ ಎಂಬ ಗೆರೆಯ ಮೇಲೆ ಸಹಿ ತನ್ನದೇ ತಾನೇ, ಎಂದು ಅವನ ಎಣಿಕೆ. ಹಿಂದಿನ ಸಂಜೆ ಹತ್ತು ರೂಪಾಯಿ ಕೊಟ್ಟು ಹೊಸ ಪೆನ್ನು ತಂದಿದ್ದ.

ಆ ಪೆನ್ನನ್ನು ಹರಿಣಾಕ್ಷಿ ನೋಡಿದ್ದಳು. ಕಾಮೋಠೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವಳ ಗಂಡ ಪ್ರೇಮನಾಥ ಕಾಮಾಲೆಯಿಂದ ತೀರಿಕೊಂಡಾಗ ಮಾನಸಿಗೆ ಮೂರು ವರ್ಷ. ಹದಿಮೂರನೆಯ ದಿನ ಅಣ್ಣ ಒಂದು ಟೆಂಪೊ ಮಾಡಿಕೊಂಡು ಬಂದಿದ್ದ. ಬಾ ಅಂದಿರಲಿಲ್ಲ, ಹೇಗಿದ್ದಿ ಅಂತ ಕೇಳಿರಲಿಲ್ಲ. ಪಾತ್ರೆಗಳನ್ನು ಚೀಲಕ್ಕೆ ತುಂಬಿಸಲು ಶುರುಮಾಡಿದ್ದ, ಅಷ್ಟೆ. ಅಂದಿನಿಂದ ಅವನ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಮೂವರು. ಶಾಲೆಯ ಪ್ರತಿ ಕಾಗದಕ್ಕೂ ಅವನೇ ಸಹಿ ಹಾಕುತ್ತ ಬಂದ. ಇದಕ್ಕೆಲ್ಲ ಅವಳು ಅವನಿಗೆ ಒಂದು ಮಾತು ಹೇಳಿದವಳಲ್ಲ. ಅಣ್ಣನಿಗೆ ಥ್ಯಾಂಕ್ಸ್ ಹೇಳುವ ಕ್ರಮ ಅವರಲ್ಲಿಲ್ಲ. ಈ ಸಹಿಯಾದರೂ ಅವನದಾಗಲಿ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು.

ಒಂಬತ್ತೂವರೆಗೆ ಮೂರನೇ ಮಾಳಿಗೆಯ ಗುಂಡಣ್ಣ ಕೊಡೆ ಹಿಡಿದು ಮೇಲೆ ಬಂದರು. ಮೈಸೂರಿನವರು, ನಿವೃತ್ತರು.

"ನೀವು ಹೋಗ್ಬನ್ನಿ. ಕಾಗೆ ಕಾಯೋಕೆ ನಾನಿದೀನಿ. ಎಣಿಸಿಟ್ಟು ಹೋಗಿ ಮುಂಡಪ್ಪ, ಆಮೇಲೆ ಕಾಗೆ ತಿಂದಿದ್ದನ್ನೂ ನನ್ನ ತಲೆಗೆ ಕಟ್ಟಬೇಡಿ."

"ಎಣಿಸಿಯೇ ಇಟ್ಟಿದ್ದೇನೆ ಸ್ವಾಮಿ," ಎಂದ ಮುಂಡಪ್ಪ, ಇಸ್ತ್ರಿ ಮಾಡಿದ ಅಂಗಿಯ ತೋಳು ಇಳಿಸುತ್ತ.

ಸ್ಟೇಷನ್ ಬಳಿಯ ಬ್ಯಾಂಕಿನಲ್ಲಿ ಎಸಿ ಇತ್ತು. ಟೈ ಕಟ್ಟಿದ ಹುಡುಗಿ ನಗುತ್ತ ಅರ್ಜಿ ತೆಗೆದಳು, ಆನೆಯನ್ನೂ ತಂದು ಮೇಜಿನ ಮೇಲಿಟ್ಟಳು. ಹೆಸರು, ಹುಟ್ಟಿದ ತಾರೀಕು, ವಿಳಾಸ ಎಲ್ಲ ಬರೆದು ಅರ್ಜಿಯನ್ನು ಹರಿಣಾಕ್ಷಿಯ ಕಡೆ ತಿರುಗಿಸಿದಳು. ಮುಂಡಪ್ಪ ಪೆನ್ನಿನ ಮುಚ್ಚಳ ತೆಗೆದು ಕೈ ಚಾಚಿದ.

"ಸಹಿ ಆಯೀಚೀ ಪಾಹಿಜೆ, ಕಾಕಾ," ಎಂದಳು ಹುಡುಗಿ. ತಾಯಿಯ ಸಹಿಯೇ ಬೇಕಂತೆ.

"ಕಾಕಾ ಅಲ್ಲ. ಮಾಮಾ," ಎಂದ ಮುಂಡಪ್ಪ. ಅಪ್ಪನ ತಮ್ಮನಲ್ಲ, ಅಮ್ಮನ ಅಣ್ಣ.

"ಹೋ ಮಾಮಾ. ಗಾರ್ಡಿಯನ್ ವಡೀಲ್ ಕಿಂವಾ ಆಯೀ." ಪಾಲಕರೆಂದರೆ ತಂದೆ, ಇಲ್ಲವೇ ತಾಯಿ.

ಮುಂಡಪ್ಪ ತನಗೆ ಬರುವಷ್ಟು ಮರಾಠಿಯಲ್ಲಿ ವಿವರಿಸಿದ. ನಮ್ಮ ಕಡೆ ಅಕ್ಕತಂಗಿಯರ ಮಕ್ಕಳಿಗೆ ಮಾವನೇ ಯಜಮಾನ. ಮದುವೆಯಲ್ಲಿ ಮುಂದೆ ನಿಲ್ಲುವವನು ಅವನೇ. ಅಪ್ಪನ ಆಸ್ತಿ ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದ ಕಾಲವೂ ಇತ್ತು. ಹುಡುಗಿ ಎಲ್ಲವನ್ನೂ ಕೇಳಿದಳು. ಕೇಳಿ, "ಖೂಪ್ ಛಾನ್," ಎಂದಳು. ಬಹಳ ಚೆನ್ನಾಗಿದೆ. ಆದರೆ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ.

ಮುಂಡಪ್ಪ ಪೆನ್ನಿನ ಮುಚ್ಚಳ ಹಾಕಿದ. "ನೀನು ಮಾಡು. ನಾನು ಹೊರಗಿದ್ದೇನೆ, ಇಲ್ಲಿ ಚಳಿ," ಎಂದು ಎದ್ದು ಹೋದ.

ಹರಿಣಾಕ್ಷಿ ಗಾಜಿನಿಂದ ನೋಡಿದಳು. ಮೇ ತಿಂಗಳ ಬಿಸಿಲಿನಲ್ಲಿ, ರಿಕ್ಷಾಗಳ ಸಾಲಿಗೆ ಮುಖ ಮಾಡಿ, ಚಳಿಯಾದ ಅಣ್ಣ ನಿಂತಿದ್ದ. ಬೆನ್ನಿನ ಮೇಲೆ ಅಂಗಿ ಆಗಲೇ ಒದ್ದೆ. ಅವಳು ಅರ್ಜಿಯನ್ನು ಮೆಲ್ಲನೆ ಹಿಂದಕ್ಕೆ ತಳ್ಳಿದಳು.

"ಇವತ್ತು ಬೇಡ. ಸಿಟ್ಟಾಗಬೇಡಿ."

"ಮಮ್ಮಿ! ಆನೆ!"

"ಏಳು."

ಕಲ್ಯಾಣದ ಕಡೆಯ ಲೋಕಲಿನಲ್ಲಿ ಮಾನಸಿ ಮುಖ ಊದಿಸಿ ಕೂತಳು. ರೈಲು ಠಾಕುರ್ಲಿ ನಿಲ್ದಾಣ ದಾಟಿತು.

"ಎಂಥಕ್ಕೆ ಬಿಟ್ಟು ಬಂದಿ?" ಎಂದು ಮುಂಡಪ್ಪ ಕೊನೆಗೆ ತಂಗಿಯನ್ನು ಗದರಿದ. "ಆ ಮಗು ಒಂದು ವಾರದಿಂದ ಆನೆ ಆನೆ ಅಂತ ಜೀವ ಬಿಡುತ್ತಾ ಇದೆ."

"ಎಸಿ ನನಗೂ ಆಗಲಿಲ್ಲ," ಎಂದಳು ಹರಿಣಾಕ್ಷಿ.

ಕಲ್ಯಾಣದ ಊರಿನ ಬ್ಯಾಂಕಿನಲ್ಲಿ ಎಸಿ ಇರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಕಾಗದಗಳ ಮೇಲೆ ಪೇಪರ್‌ವೇಟು. ಮೂರು ವರ್ಷಕ್ಕೊಮ್ಮೆ ಬದಲಾಗುವ ಮ್ಯಾನೇಜರ್ ಈ ಸಲ ಬಿಜಾಪುರ ಕಡೆಯವರು, ಜಟ್ಟೆಪ್ಪ ಎಂದು ಹೆಸರು.

"ಕೂಡ್ರಿ, ಕೂಡ್ರಿ. ಹುಡುಗಿ ಯಾಕ ಸಿಟ್ಟಾಗ್ಯಾಳ?"

"ಆನೆ ತಪ್ಪಿತು," ಎಂದ ಮುಂಡಪ್ಪ. ಆಮೇಲೆ, ಈ ಸಲ ಪೆನ್ನು ತೆಗೆಯದೆ, ಕೇಳಿದ. "ಇವಳ ಖಾತೆಗೆ ನಾನು ಸಹಿ ಹಾಕಬಹುದಾ? ಸೋದರಮಾವ."

"ಅದು ಆಗೂದಿಲ್ರಿ. ತಾಯಿ ಎದುರಿಗೆ ಕುಂತಾರ, ಮಾಮಾ ಹೆಂಗ ಗಾರ್ಡಿಯನ್ ಆಕ್ಕಾನ?"

ಮುಂಡಪ್ಪ ತಲೆಯಾಡಿಸಿದ. ಎರಡನೆಯ ಸಲ ಕೇಳಿದ್ದರಿಂದ ಮೊದಲಿನಷ್ಟು ಬಿಸಿ ತಟ್ಟಲಿಲ್ಲವೋ ಏನೋ. ಹರಿಣಾಕ್ಷಿಗೆ ತಡೆಯಲಾಗಲಿಲ್ಲ.

"ಎಲ್ಲಾದರೂ ಒಂದು ಕಡೆ ಅಣ್ಣನ ಹೆಸರು ಬರಬೇಕು ಸರ್. ಈ ಮಗುವನ್ನು ಸಾಕಿದ್ದು ಅವನು."

ಅಣ್ಣನ ಎದುರೇ ಅಂದುಬಿಟ್ಟಿದ್ದಳು. ಮುಂಡಪ್ಪ ಫ್ಯಾನ್ ನೋಡಿದ.

ಜಟ್ಟೆಪ್ಪ ಕನ್ನಡಕ ಮೇಲೆ ಸರಿಸಿದರು. "ನಾಮಿನಿ ಹಾಕೋಣೇನು? ಹುಡುಗಿಗೆ ಏನರ ಹೆಚ್ಚುಕಮ್ಮಿ ಆದ್ರ ರೊಕ್ಕ ಮಾಮಾಗ ಬರ್ತೈತಿ."

ಮುಂಡಪ್ಪನ ಕುರ್ಚಿ ಕಿರ್ ಎಂದಿತು. "ಎಂಥ ಮಾತು ಮಾರಾಯ್ರೇ ಇದು! ಹತ್ತು ವರ್ಷದ ಮಗು. ಅವಳದ್ದು ನನಗೆ ಬರುವುದಾ? ಬಿಡ್ತು ಅನ್ನಿ ಮೊದಲು!"

"ಬಿಡ್ತು, ಬಿಡ್ತು. ಕಾನೂನಿನ ಮಾತು ಹೇಳಿದ್ನಿ, ತಪ್ಪಾತು." ಜಟ್ಟೆಪ್ಪ ನಗು ತಡೆದುಕೊಂಡರು. "ಹಂಗಾದ್ರ ಇನ್ನೊಂದು ಕೇಳ್ತೀನಿ. ನಿಮ್ದು ಇಲ್ಲೆ ಖಾತೆ ಐತೇನು?"

ಮುಂಡಪ್ಪ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಾಸ್‌ಬುಕ್ ತೆಗೆದ. ಆನೆಯ ಬ್ಯಾಂಕಿಗೆ ಹೋಗುವಾಗಲೂ ಅದು ಅವನ ಜೇಬಿನಲ್ಲೇ ಇತ್ತೆಂದು ಹರಿಣಾಕ್ಷಿಗೆ ಆಗ ಗೊತ್ತಾಯಿತು. ಖಾತೆ ತೆರೆದದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಇಪ್ಪತ್ತೆರಡು ವರ್ಷ ಹಿಂದೆ.

"ಮತ್ತ ಆತಲ್ಲ. ಹೊಸ ಖಾತೆ ತೆಗೀಬೇಕಂದ್ರ ಹಳೇ ಖಾತೆದಾರ ಒಬ್ರು ಪರಿಚಯ ಕೊಡಬೇಕು. ಇವರು ನನಗ ಗೊತ್ತು, ಖರೇ ಮಂದಿ ಅಂತ. ಅವರ ಸಹಿ ಇಲ್ಲದ ನಾನು ಖಾತೆ ತೆಗಿಯಾಂಗಿಲ್ಲ. ಇಲ್ಲಿ ನೋಡ್ರಿ." ಅರ್ಜಿಯ ಕೆಳಭಾಗಕ್ಕೆ ಬೆರಳಿಟ್ಟರು. "ಹೆಸರು, ಖಾತೆ ನಂಬರ್, ಸಹಿ. ಇದೊಂದು ಗೆರೆ: ಅರ್ಜಿದಾರರು ಎಷ್ಟು ವರ್ಷದಿಂದ ಪರಿಚಯ."

ಮುಂಡಪ್ಪ ಆ ಗೆರೆಯನ್ನು ಬಹಳ ಹೊತ್ತು ನೋಡಿದ.

"ಅರ್ಜಿದಾರರು ಅಂದರೆ ಇವಳಾ?"

"ಅಕೀನ. ಕನ್ನಡದಾಗ ಬರೀರಿ, ನಡೀತೈತಿ."

"ಫೆಬ್ರವರಿಯಲ್ಲಿ ಹುಟ್ಟಿದ್ದು," ಎಂದ ಮುಂಡಪ್ಪ, ಯಾರಿಗೂ ಅಲ್ಲದ ಹಾಗೆ. "ಇದೇ ಕಲ್ಯಾಣದ ಆಸ್ಪತ್ರೆ. ಭಾವ ಕಾಮೋಠೆಯಿಂದ ಬಂದು ಮುಟ್ಟಿರಲಿಲ್ಲ. ನರ್ಸು ಬಟ್ಟೆ ಕೇಳಿದಳು. ನನ್ನ ಹತ್ತಿರ ಹೆಗಲ ಮೇಲಿನ ಬೈರಾಸು ಬಿಟ್ಟು ಬೇರೆ ಇರಲಿಲ್ಲ. ಅದನ್ನೇ ಕೊಟ್ಟೆ. ಅದರಲ್ಲೇ ಸುತ್ತಿ ತಂದು ನನ್ನ ಕೈಗೆ ಕೊಟ್ಟಳು."

"ಆ ಹಸಿರು ಗೆರೆಯ ಬೈರಾಸಾ?" ಮಾನಸಿ ಮೊದಲ ಸಲ ಬಾಯಿ ಬಿಟ್ಟಳು. "ಛೀ ಮಾಮಾ! ಅದರಲ್ಲಿ ನೀನು ಬೆವರು ಒರೆಸ್ತೀಯಲ್ಲ!"

"ಆಗ ಅದು ಹೊಸತು ಮಾರಾಯ್ತಿ."

ಅವನು ಪೆನ್ನು ತೆಗೆದ. ಕ್ಯಾಂಟೀನಿನ ಹಲಗೆಯ ಮೇಲೆ ದಿನದ ತಿಂಡಿಯ ಹೆಸರು ಬರೆಯುವ ದಪ್ಪ ಅಕ್ಷರದಲ್ಲಿ, ಚಿಕ್ಕ ಗೆರೆಯಿಂದ ಹೊರಗೆ ಚಾಚುವಂತೆ ಬರೆದ: ಹುಟ್ಟಿದ ದಿನದಿಂದ. ಕೆಳಗೆ ಸಹಿ. ಜಟ್ಟೆಪ್ಪ ಕಪಾಟಿನಿಂದ ಹಳದಿ ಬಿದ್ದ ಮಾದರಿ ಸಹಿಯ ಕಾರ್ಡ್ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಊರಿನಿಂದ ಬಂದ ವರ್ಷದ ಸಹಿಯಲ್ಲೂ 'ಪ್ಪ'ದ ಬಾಲ ಹೀಗೇ ಕೆಳಗೆ ಜಗ್ಗಿತ್ತು.

ಎಷ್ಟು ವರ್ಷ ಎಂದು ಅಂಕಿಯಲ್ಲೇ ಬರೆಯಬೇಕೆಂದು ಗುಮಾಸ್ತ ತಕರಾರು ತೆಗೆದ. ಜಟ್ಟೆಪ್ಪ, "ಇರ್ಲಿ ಬಿಡಪಾ, ಪಕ್ಕಕ್ಕ ಹತ್ತು ಅಂತ ನಾನ ಬರೀತೀನಿ," ಎಂದು ಬರೆದರು. ಆಮೇಲೆ ಮಾನಸಿಯ ಕಡೆ ತಿರುಗಿದರು.

"ನಮ್ಮಲ್ಲಿ ಆನಿ ಇಲ್ಲವಾ. ನಡೀತೈತೋ, ಹಿಂದಕ್ಕ ಹೋಗ್ತೀಯೋ?"

ಮಾನಸಿ ಮಾವನ ಕೈಯಲ್ಲಿದ್ದ ಹಳೆಯ ಪಾಸ್‌ಬುಕ್ಕನ್ನೂ ಮ್ಯಾನೇಜರರ ಮುಖವನ್ನೂ ನೋಡಿದಳು. "ಇಥೇಚ್," ಎಂದಳು. ಇಲ್ಲೇ. ಸ್ವಲ್ಪ ತಡೆದು, "ಆನೆಯ ಬ್ಯಾಂಕಿನವರು ಮಾಮಾನ್ನ ಕಾಕಾ ಅಂದ್ರು," ಎಂದು ಸೇರಿಸಿದಳು.

ಹರಿಣಾಕ್ಷಿ ಪಾಲಕ ಎಂಬ ಗೆರೆಯ ಮೇಲೆ ಸಹಿ ಮಾಡಿದಳು, ಅಣ್ಣನ ಪೆನ್ನಿನಿಂದಲೇ. ಮೊದಲ ಜಮೆ ಐನೂರು. ಅದನ್ನು ಮುಂಡಪ್ಪ ಕೌಂಟರಿನಲ್ಲಿ ಆಗಲೇ ಕಟ್ಟಿಬಿಟ್ಟಿದ್ದ.

ಮೂರು ಗಂಟೆಗೆ ಟೆರೇಸ್ ಹತ್ತಿದಾಗ ಗುಂಡಣ್ಣ ಕೊಡೆಯ ಕೆಳಗೆ ಕೂತಲ್ಲೇ ತೂಕಡಿಸುತ್ತಿದ್ದರು. ಹಪ್ಪಳ ಮೂರು ಕಡಿಮೆ.

"ಒಂದು ಕಾಗೆ," ಎಂದರು ಕಣ್ಣುಜ್ಜಿ. "ಎರಡು ನಾನು. ಹಸಿವಾಗಿತ್ತು, ಹಸಿಯಾಗೇ ತಿಂದೆ."

ಅವರು ಇಳಿದು ಹೋದ ಮೇಲೆ ಹರಿಣಾಕ್ಷಿ ಹಪ್ಪಳಗಳನ್ನು ಮಗುಚತೊಡಗಿದಳು. ಅಣ್ಣ ಚಾಪೆಯ ಇನ್ನೊಂದು ತುದಿಯಿಂದ ಮಗುಚುತ್ತ ಬಂದ.

"ಆ ಐನೂರು," ಎಂದಳು ಅವಳು ತಲೆ ಎತ್ತದೆ, "ಹಪ್ಪಳ ಮಾರಿದ ಮೇಲೆ ಕೊಡ್ತೇನೆ."

"ಯಾರು ಕೇಳಿದ್ದು?"

"ಕೇಳದಿದ್ದರೂ."

"ಅಂಚು ಒಣಗಿದ್ದನ್ನು ಮಾತ್ರ ಮಗುಚು. ಹಸಿಯದ್ದು ಹರಿಯುತ್ತದೆ."

"ಮಾಮಾ!" ಟ್ಯಾಂಕಿನ ನೆರಳಿನಿಂದ ಮಾನಸಿ ಕೂಗಿದಳು. ಮಡಿಲಲ್ಲಿ ಹೊಸ ಪಾಸ್‌ಬುಕ್, ಕೈಯಲ್ಲಿ ಕೋಲು. "ನನ್ನ ಇವತ್ತಿನ ಎರಡು ರೂಪಾಯಿ?"

"ಇವತ್ತು ಕಾದದ್ದು ಗುಂಡಣ್ಣ."

"ಬೆಳಿಗ್ಗೆ ನಾನೇ ಕಾದದ್ದು. ಈಗಲೂ ನಾನೇ."

ಮುಂಡಪ್ಪ ಕೈ ಒರೆಸಿಕೊಂಡು ಜೇಬು ತಡಕಿ, ಎರಡು ರೂಪಾಯಿಯ ನಾಣ್ಯ ಎಸೆದ. ಅವಳು ಒಂದೇ ಕೈಯಲ್ಲಿ ಹಿಡಿದಳು. ಆ ಬಾಕಿ ಅಲ್ಲಿಗೆ ಚುಕ್ತಾ ಆಯಿತು.

ಐನೂರರ ಮಾತನ್ನು ಹರಿಣಾಕ್ಷಿ ಮತ್ತೆ ಎತ್ತಲಿಲ್ಲ. ಅಂಚು ಒಣಗಿದ ಹಪ್ಪಳಗಳನ್ನು ನೋಡಿ ನೋಡಿ ಮಗುಚುತ್ತ, ಅಣ್ಣನ ಕಡೆಗೆ ಮೆಲ್ಲಗೆ ಸರಿಯುತ್ತ ಹೋದಳು.