ಥಿನ್ನರ್ ಬಟ್ಟೆ

ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಎತ್ತಿದಾಗ ಅದರ ಜೊತೆಗೆ ದೋಣಿಯ ನೀಲಿ ಬಣ್ಣವೂ ಎದ್ದು ಬಂತು. ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಬೆರಳಿಗೆ ಅಂಟಿತು. ಅವಳು ಹಣೆ ಚಚ್ಚಿಕೊಂಡಳು.

ಬಣ್ಣದಂಗಡಿಯವನು ಮೊದಲೇ ಹೇಳಿದ್ದ. ಹೊಸ ಬಣ್ಣಕ್ಕೆ ಮೊದಲು ಎರಡು ಡಬ್ಬ ಬೆರೆಸಿ ಹಚ್ಚುವ ಪ್ರೈಮರ್ ಕಲ್ಲಿನಷ್ಟು ಗಟ್ಟಿ, ಆದರೆ ಕೆಳಗಿರುವ ಹಳೆಯ ಬಣ್ಣ ಮೆತ್ತಗಿದ್ದರೆ ಅದನ್ನೇ ಎಬ್ಬಿಸಿಬಿಡುತ್ತದೆ. ಹಾಗಾಗಿ ಮೊದಲು ಥಿನ್ನರ್ ಬಟ್ಟೆ ಇಟ್ಟು ನೋಡಿ. ಬಣ್ಣ ಎದ್ದರೆ ಮರ ಕಾಣುವವರೆಗೆ ಕೆರೆಯಬೇಕು, ಇಲ್ಲವೇ ಸಾದಾ ಪ್ರೈಮರ್ ಹಚ್ಚಿ ಸುಮ್ಮನಾಗಬೇಕು. ಅಪ್ಪನ ವೋಟು ಸಾದಾ ಪ್ರೈಮರ್‌ಗೆ. ಮೇಲೆ ಮೇಲೆ ಉಜ್ಜಿ ಒಂದು ಕೈ ಬಳಿದರೆ ಸಾಕು, ಹಾಯಿದೋಣಿಯೇನು ಮದುಮಗಳೇ ಎಂದು ಮೂರು ದಿನದಿಂದ ಗೊಣಗುತ್ತಿದ್ದ. ಹಟದಲ್ಲಿ ಅವಳೂ ಅಪ್ಪನ ಮಗಳೇ. ಈ ಬೇಸಿಗೆಯಿಂದ ದೋಣಿ ಅವಳದ್ದು. ಇಷ್ಟು ವರ್ಷ ತಾತನ ಜೊತೆ ಹೋಗುತ್ತಿದ್ದ ಆರು ವರ್ಷದ ಮಗಳನ್ನು ಈ ಭಾನುವಾರ ತಾನೇ ಕರೆದುಕೊಂಡು ಹೋಗಬೇಕು.

ಅಂಗಳದಲ್ಲಿ ಕಲ್ಲುಗಳ ಮೇಲೆ ಬೋರಲು ಹಾಕಿದ ದೋಣಿಯನ್ನು ಕೆರೆಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಹಿಂಭಾಗದಲ್ಲಿ ಕೆರೆಯುವ ಅಲಗು ಸರಕ್ಕನೆ ಒಳಗಿಳಿಯಿತು. ಅಲ್ಲಿ ಮರದ ಬದಲು ಅಂಗೈಯಗಲ ಪುಟ್ಟಿ ತುಂಬಿತ್ತು. ಅದನ್ನು ಎಬ್ಬಿಸಿ ಹೆಬ್ಬೆರಳಿನಿಂದ ಒತ್ತಿದಳು, ಹಲಗೆ ನೆನೆದ ರಸ್ಕಿನಂತೆ ಉದುರಿ ಬೆರಳು ಆಚೆಗೆ ಹೋಯಿತು. ಅವಳು ತೂತಿನ ಪಕ್ಕದಲ್ಲೇ ಕೂತಳು.

ಅಪ್ಪ ಎರಡು ಲೋಟ ಟೀ ಹಿಡಿದು ಬಂದವನು ತೂತನ್ನು ನೋಡಿ ನಿಂತ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕಂಗೆಡಿಸಿತು.

"ಅಪ್ಪಾ, ಇದು ನಿಂಗೆ ಗೊತ್ತಿತ್ತಾ?"

"ನಾನೇ ಪುಟ್ಟಿ ತುಂಬಿದ್ದು. ನಾಲ್ಕು ವರ್ಷ ಆಯ್ತು."

"ಇದ್ರಲ್ಲಿ ಮಗೂನ ಕೂರಿಸ್ಕೊಂಡು ಹೋಗ್ತಿದ್ದೆಯಲ್ಲಪ್ಪ."

"ಅದು ಚುಕ್ಕಾಣಿ ಹತ್ರ ಕಣಮ್ಮ. ನನ್ನ ಹಿಮ್ಮಡಿ ಯಾವಾಗ್ಲೂ ಅದರ ಮೇಲೇ ಇರ್ತಿತ್ತು. ಒಂದು ತೊಟ್ಟು ನೀರು ಬಂದ್ರೂ ದಡಕ್ಕೆ ತಿರುಗಿಸ್ತಿದ್ದೆ." ಲೋಟಗಳನ್ನು ಕೆಳಗಿಟ್ಟ. "ಹೇಳಿದ್ರೆ ನೀವೆಲ್ಲ ನನ್ನ ದಡದಲ್ಲೇ ಕೂರಿಸ್ತಿದ್ರಿ."

ದೋಣಿ ತನ್ನ ಕೈಗೆ ಬಂದಾಗಲಾದರೂ ಹೇಳಬಾರದಿತ್ತೇ ಎಂದು ಕೇಳಿದಳು. ಭಾನುವಾರ ತಾನೂ ಬರುತ್ತೇನೆ, ಅದೇ ಜಾಗದಲ್ಲಿ ಕೂರುತ್ತೇನೆ ಎಂದು ಅಪ್ಪ ಅಂದುಕೊಂಡಿದ್ದನಂತೆ. ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ ಅವಳ ಮೈ ಉರಿದುಹೋಯಿತು. ಇನ್ನೂ ಏನೇನು ಮುಚ್ಚಿಟ್ಟಿದ್ದಾನೋ ನೋಡಿಯೇಬಿಡೋಣ ಎಂದು ಅಲಗು ಹಿಡಿದು ದೋಣಿಯ ಮುಂದಿನ ಮೂತಿಯ ಕಡೆಗೆ ಹೋದಳು. ನಾಲ್ಕು ಸಲ ಕೆರೆದಳು. ಐದನೆಯ ಸಲಕ್ಕೆ ಅಲಗು ಹಿಡಿಯವರೆಗೂ ಒಳಗೆ ಹೋಯಿತು. ಅಲ್ಲಿ ಪುಟ್ಟಿ ಇರಲಿಲ್ಲ.

"ಇದು?"

ಅಪ್ಪ ಬಗ್ಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಇದು ನಂಗೆ ಗೊತ್ತಿರ್ಲಿಲ್ಲ," ಎಂದ. ಹಲಗೆಯ ಮೇಲೆ ಅಂಗೈಯಿಟ್ಟು, "ಇಲ್ಲಿ ಮಗು ಕೂರ್ತಿತ್ತು."

ಅವಳು ಅಲಗನ್ನು ಹೊರಗೆ ಎಳೆದುಕೊಂಡಳು. ಅಪ್ಪ ಮೊಣಕಾಲೂರಿ, ಬಣ್ಣದ ಹೊಟ್ಟಿನ ಮೇಲೆ ತೆವಳುತ್ತ ದೋಣಿಯ ಅಡಿಗೆ ಹೋದ. ಒಳಗೆ ಅವನು ಹಲಗೆ ತಡವುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಮೂತಿಯ ಆ ತೂತಿನಿಂದ ಅವನ ತೋರುಬೆರಳು ನಿಧಾನವಾಗಿ ಹೊರಗೆ ಬಂತು.