ಕೆಡದ ಲಿಫ್ಟಿನ ರಿಪೇರಿ

ಆ ಕಟ್ಟಡದ ಆರೂ ಮಹಡಿಯವರು ಅವನನ್ನು ಲಿಫ್ಟಪ್ಪ ಎಂದೇ ಕರೆಯುತ್ತಿದ್ದರು. ಲಿಫ್ಟ್ ರಿಪೇರಿ ಅವನ ಕಸುಬು, ಆರನೇ ಮಹಡಿಯಲ್ಲಿ ಅವನ ಮನೆ, ಅದರ ಮೇಲಿನ ಮೋಟಾರು ಕೋಣೆ ಅವನ ಸಾಮ್ರಾಜ್ಯ. ಲಿಫ್ಟ್ ಕೆಟ್ಟಿದೆ ಎಂದು ಯಾರಾದರೂ ಅಂದರೆ ತನ್ನ ಮಾನವೇ ಹೋದಂತೆ ಒದ್ದಾಡುವ ಮನುಷ್ಯ. ಅಂಥವನು ಗಟ್ಟಿಮುಟ್ಟಾಗಿದ್ದ ಲಿಫ್ಟನ್ನು ದಿನಾ ಸಂಜೆ ತಾನೇ ನಿಲ್ಲಿಸತೊಡಗಿದನೆಂದರೆ, ಮಗಳ ಮೇಲಿನ ಪ್ರೀತಿ ಎಂಥ ಪೆದ್ದು ಕೆಲಸ ಮಾಡಿಸುತ್ತದೆ ನೋಡಿ.

ಮಗಳಿಗೆ ಹದಿನಾಲ್ಕು. ಮನೆಯಲ್ಲಿ ಪುಟ್ಟಿ. ಪುಟ್ಟಿ ಉದ್ದದಲ್ಲಿ ಅಪ್ಪನ ಭುಜ ಮುಟ್ಟಿ, ಅಗಲದಲ್ಲಿ ಅವನನ್ನೂ ಹಿಂದೆ ಹಾಕಿದ್ದಳು. ಹೆಸರು ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಅವಳ ರಕ್ತ ಪರೀಕ್ಷೆ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ತೂಕದ ಮಾತು ಆಮೇಲೆ. ಸಕ್ಕರೆ ಗಡಿ ಹತ್ರ ಬಂದಿದೆ, ಲಿವರ್‌ನಲ್ಲೂ ಕೊಬ್ಬು ಸೇರ್ತಿದೆ. ಶಾಲೇಲಿ ಕೂತು, ಮನೇಲೂ ಕೂತ್ರೆ ಹೇಗೆ? ಮೊದ್ಲು ಕೂರೋದು ಕಮ್ಮಿ ಆಗ್ಲಿ. ಮೂರು ತಿಂಗಳು ಬಿಟ್ಟು ಬನ್ನಿ."

ಮೆಟ್ಟಿಲು ಹತ್ತು ಎಂದು ಮಗಳಿಗೆ ಹೇಳಲು ಲಿಫ್ಟಪ್ಪನಿಗೆ ಬಾಯಿ ಬರಲಿಲ್ಲ. ನೀನು ದಪ್ಪ ಅಂದಂತಾದೀತು, ಮಗು ನೊಂದುಕೊಂಡೀತು. ಹಾಗಾಗಿ ಅವಳು ಶಾಲೆಯಿಂದ ಬರುವ ಹೊತ್ತಿಗೆ ಮೋಟಾರು ಕೋಣೆಯ ಸ್ವಿಚ್ ಆರಿಸಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತುಬಿಡುತ್ತಿದ್ದ. ಅರ್ಧ ಗಂಟೆ ಬಿಟ್ಟು ಸ್ವಿಚ್ ಹಾಕುತ್ತಿದ್ದ. ಎರಡನೇ ಮಹಡಿಯ ನಿವೃತ್ತ ಟೀಚರು ಮಂಡಿ ಹಿಡಿದುಕೊಂಡು ಹತ್ತುತ್ತ ಶಾಪ ಹಾಕಿದರು. ಹಾಕಲಿ, ಮಗಳು ಉದ್ಧಾರವಾದರೆ ಸಾಕು ಎಂದುಕೊಂಡ.

"ದಿನಾ ಕೆಡತ್ತಲ್ರೀ, ಏನು ಬಂತು ಅದಕ್ಕೆ?" ಎಂದಳು ಹೆಂಡತಿ.

"ವಯಸ್ಸಾಯ್ತು ಕಣೇ, ನಮ್ಮ ಹಾಗೇ."

ಮೂರು ತಿಂಗಳಾದ ಮೇಲೆ ಡಾಕ್ಟರಮ್ಮನ ಮುಂದೆ ಲಿಫ್ಟಪ್ಪ ಎದೆಯುಬ್ಬಿಸಿ ಕೂತ. ಸಕ್ಕರೆ ಇಳಿದಿರಲಿಲ್ಲ; ಒಂಚೂರು ಏರಿತ್ತು. ಹೀಗೇ ಬಿಟ್ಟರೆ ಈ ವಯಸ್ಸಿಗೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ ಎಂದರು ಅವರು. ಲಿಫ್ಟಪ್ಪ ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ದಿನಾ ಆರು ಮಹಡಿ ಹತ್ತಿದರೂ ಹೀಗಾ?

ಮರುದಿನ ಸಂಜೆ ಸ್ವಿಚ್ ಆರಿಸಿದವನು ಕುರ್ಚಿಗೆ ಹೋಗದೆ, ಸದ್ದಿಲ್ಲದೆ ಮೆಟ್ಟಿಲಿಳಿದ. ಕೆಳಗೆ ಲಿಫ್ಟಿನ ಎದುರಿನ ಬೆಂಚಿನಲ್ಲಿ ಪುಟ್ಟಿ ಮೊಬೈಲ್ ಹಿಡಿದು ಸುಖವಾಗಿ ಕೂತಿದ್ದಳು. ಪಕ್ಕದಲ್ಲಿ ಟೀಚರು. ಪುಟ್ಟಿ ಅವರಿಗೆ ಧೈರ್ಯ ಹೇಳುತ್ತಿದ್ದಳು.

"ಹತ್ತಬೇಡಿ ಟೀಚರ್, ಕೂತ್ಕೊಳ್ಳಿ. ಮೇಲೆ ನಮ್ಮಪ್ಪ ಇದಾನೆ. ಎಂಥ ರಿಪೇರಿ ಆದ್ರೂ ಅರ್ಧ ಗಂಟೆ ಅಷ್ಟೇ. ಒಂದು ದಿನಾನೂ ತಪ್ಪಿಲ್ಲ."

ಲಿಫ್ಟಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ.

"ನನ್ನ ಮಂಡಿ ಲೆಕ್ಕಕ್ಕೇ ಇಲ್ವೇನಪ್ಪ?" ಎಂದರು ಟೀಚರು. "ಹೋಗು, ಮೊದ್ಲು ಸ್ವಿಚ್ ಹಾಕು."

ಪುಟ್ಟಿಯ ಮುಖ ಸಣ್ಣದಾಗಿತ್ತು. "ಕೆಟ್ಟೇ ಇರ್ಲಿಲ್ವಾ? ನಾನು ಎಲ್ರ ಹತ್ರಾನೂ ನಿನ್ನ ಹೊಗಳ್ತಿದ್ನಲ್ಲಪ್ಪ. ನಂಗೇ ಹೇಳ್ಬಹುದಿತ್ತಲ್ಲ."

"ನೀನು ಬೇಜಾರು ಮಾಡ್ಕೋತೀಯಾ ಅಂತ..."

"ದಪ್ಪ ಇದೀನಿ ಅಂತ ನಂಗೆ ಗೊತ್ತಿಲ್ವಾ?"

ಸ್ವಿಚ್ಚು ಇದ್ದದ್ದು ಆರನೇ ಮಹಡಿಯ ಮೇಲೆ. ಲಿಫ್ಟಪ್ಪ ಹತ್ತತೊಡಗಿದ. ಹಿಂದೆಯೇ ಪುಟ್ಟಿ ಬಂದಳು. ಮೂರನೇ ಮಹಡಿಗೆ ಬರುವಷ್ಟರಲ್ಲಿ ಅವನ ಉಸಿರು ಬಾಯಿಗೆ ಬಂದಿತ್ತು. ಲಿಫ್ಟಿರುವಾಗ ಈ ಪುಣ್ಯಾತ್ಮ ಯಾವತ್ತು ಮೆಟ್ಟಿಲು ಹತ್ತಿದ್ದ? ಕಂಬಿ ಹಿಡಿದು ಅಲ್ಲೇ ಕುಸಿದು ಕೂತ. ಮೇಲಿನಿಂದ ಇಳಿದು ಬಂದ ಹುಡುಗರಿಬ್ಬರು ಅವನನ್ನು ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡು, ನಗು ತಡೆಯುತ್ತ ದಾಟಿಹೋದರು. ಲಿಫ್ಟಪ್ಪ ನಾಚಿಕೆಯಿಂದ ಗೋಡೆಯ ಕಡೆ ತಿರುಗಿದ.

"ನಂಗೂ ಹೀಗೇ ಆಗತ್ತಪ್ಪ," ಎಂದಳು ಪುಟ್ಟಿ. "ಅದಕ್ಕೇ ಒಬ್ಬಳೇ ಹತ್ತಲ್ಲ."

ಅವನ ಕಣ್ಣು ತುಂಬಿತು. ಮೂರು ತಿಂಗಳು ಮೇಲೆ ಕೂತು ಏನು ಕಾಯುತ್ತಿದ್ದೆ ಎಂದು ತನ್ನ ಮೇಲೇ ಸಿಟ್ಟು ಬಂತು.

"ನಾಳೆಯಿಂದ ನೀನು ಬರೋ ಹೊತ್ತಿಗೆ ನಾನು ಕೆಳಗೇ ಇರ್ತೀನಿ," ಎಂದ.

"ನಾಳೆ ಮಾತು ನಾಳೆಗೆ," ಎಂದು ಪುಟ್ಟಿ ಕೈ ಚಾಚಿದಳು. "ಏಳು, ಇನ್ನೂ ಮೂರು ಮಹಡಿ ಇದೆ."